ಹಳೆಯ ಜೀಪುಗಳ ಚಾಲನಾಂಗಗಳಲ್ಲಿ ಹುಟ್ಟುವ ಶಬ್ದಗಳು: ಅವುಗಳ ಮೂಲವನ್ನು ಗೊತ್ತುಮಾಡುವ ಕ್ರಮ

ಎತ್ತಿನ ಬಂಡಿಯನ್ನು ಹೊಡೆದು ಬಲ್ಲ ರೈತನಿಗೆ ಗಾಲಿಯ ಶಬ್ದವೇ ಬಂಡಿಯ ಸ್ಥಿತಿಯನ್ನು ತಿಳಿಸುವುದು. ಕೀಲೆಣ್ಣೆಯು ಒಣಗಿದರೆ ಅಚ್ಚು ಕಿರುಗುಟ್ಟುವುದು. ಕಡಾಣಿಯು ಸಡಿಲವಾದರೆ ಗಾಲಿಯು ಅತ್ತಿತ್ತ ಸರಿದು ಬಡಿಯುವುದು. ಇವೆರಡಕ್ಕೂ ಇರುವ ಭೇದವನ್ನು ಅವನಿಗೆ ಯಾರೂ ಕಲಿಸಿಕೊಡಬೇಕಾದುದಿಲ್ಲ. ಆದರೆ ಅದೇ ರೈತನ ಮನೆಯ ಹಳೆಯ ಜೀಪು ದಾರಿಯಲ್ಲಿ ಗೊರಗುಟ್ಟಲು ತೊಡಗಿದರೆ, “ಹಿಂದುಗಡೆ ಏನೋ ಶಬ್ದ ಬರುತ್ತದೆ, ನೋಡಿ” ಎಂದಿಷ್ಟನ್ನೇ ಹೇಳಿ ಗಾಡಿಯನ್ನು ಮೇಸ್ತ್ರಿಯ ಷೆಡ್ಡಿನಲ್ಲಿ ಬಿಟ್ಟುಬರುವುದು ರೂಢಿಯಾಗಿದೆ. ಇಷ್ಟು ಅಲ್ಪವಾದ ಮಾತಿನಿಂದ ಮೇಸ್ತ್ರಿಯು ತಾನೇ ಊಹಿಸಿಕೊಂಡು ಯಾವುದಾದರೊಂದು ಭಾಗವನ್ನು ಬಿಚ್ಚಬೇಕಾಗುವುದು. ಊಹೆಯು ತಪ್ಪಿದರೆ ಚೆನ್ನಾಗಿದ್ದ ಭಾಗಕ್ಕೆ ಹಣ ತೆತ್ತಂತಾಗಿ, ಕೆಟ್ಟ ಭಾಗವು ಮೊದಲಿದ್ದ ಸ್ಥಳದಲ್ಲಿಯೇ ಉಳಿಯುವುದು. ಹಣದ ನಷ್ಟವನ್ನಾದರೂ ಸಹಿಸಬಹುದು. ಉಳಿದುಕೊಂಡ ದೋಷವು ಘಾಟಿಯ ಇಳಿಜಾರಿನಲ್ಲಿ ಹೊರಬಿದ್ದರೆ ಪ್ರಾಣಕ್ಕೇ ಸಂಚಕಾರ ಬರುವುದು.

ಆದುದರಿಂದ ಗಾಡಿಯ ಯಜಮಾನನು ಒಂದು ಮೊಳೆಯನ್ನೂ ಬಿಚ್ಚದೆ, ಕಿವಿಯಿಂದಲೂ ಕ್ರಮವಾದ ಪರೀಕ್ಷೆಯಿಂದಲೂ ಶಬ್ದದ ಮೂಲವನ್ನು ಎಷ್ಟರಮಟ್ಟಿಗೆ ಗೊತ್ತುಮಾಡಬಹುದೆಂಬುದನ್ನೂ, ಯಾವ ಶಬ್ದವನ್ನು ಕೇಳಿದೊಡನೆ ಗಾಡಿಯನ್ನು ನಿಲ್ಲಿಸಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪಿನ ಮಾದರಿಯನ್ನೇ ಅನುಸರಿಸಿ ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು ಅನೇಕ ವರ್ಷ ಜೀಪುಗಳನ್ನು ಕಟ್ಟಿದರು. ಮಲೆನಾಡಿನ ಮತ್ತು ಕೊಡಗಿನ ತೋಟಗಳಲ್ಲಿ ಇಂಥ ಹಳೆಯ ಜೀಪುಗಳು ಇಂದಿಗೂ ಆಳುಗಳನ್ನೂ ಗೊಬ್ಬರವನ್ನೂ ಫಸಲನ್ನೂ ಹೊರುತ್ತಿವೆ. ಇಲ್ಲಿ ಹೇಳುವ ಮಾತುಗಳು ಮುಖ್ಯವಾಗಿ ಅವನ್ನು ಕುರಿತವು. ಎಂಜಿನ್ನು ಮುಂದಿದ್ದು ಹಿಂದಿನ ಗಾಲಿಗಳಿಂದ ನಡೆಯುವ ಇತರ ಹಳೆಯ ಗಾಡಿಗಳಿಗೂ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರಿಗೂ ಇವುಗಳಲ್ಲಿ ಬಹುಪಾಲು ಅನ್ವಯಿಸುವುವು.

1. ಬಲವು ಸಾಗುವ ದಾರಿ

ಶಬ್ದದ ಮೂಲವನ್ನು ಹುಡುಕುವವನು ಎಂಜಿನ್ನಿನ ಬಲವು ಯಾವ ದಾರಿಯಾಗಿ ಗಾಲಿಯನ್ನು ಮುಟ್ಟುವುದೆಂಬುದನ್ನು ಮೊದಲು ಅರಿತಿರಬೇಕು. ಈ ದಾರಿಯಲ್ಲಿರುವ ಭಾಗಗಳೆಲ್ಲವನ್ನೂ ಒಟ್ಟಿಗೆ ಚಾಲನಾಂಗಗಳೆಂದು ಕರೆಯೋಣ. ಎಂಜಿನ್ನಿನ ಹಿಂದೆ ಕ್ಲಚ್ಚು. ಅದರ ಹಿಂದೆ ಗೇರು ಪೆಟ್ಟಿಗೆ. ಜೀಪುಗಳಲ್ಲಿ ಅದಕ್ಕೆ ಸೇರಿದಂತೆಯೇ ಮುಂದಿನ ಗಾಲಿಗಳಿಗೂ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸು ಎಂಬ ಇನ್ನೊಂದು ಪೆಟ್ಟಿಗೆ. ಅಲ್ಲಿಂದ ಹಿಂದಕ್ಕೆ ಪ್ರೊಪೆಲ್ಲರ್ ಷಾಫ್ಟು ಎಂಬ ಉದ್ದನೆಯ ಉಕ್ಕಿನ ಕೊಳವೆಯು ಹೋಗುವುದು. ಇದರ ಎರಡು ತುದಿಗಳಲ್ಲಿಯೂ ಮೇಸ್ತ್ರಿಗಳು “ಕ್ರಾಸು” ಎಂದು ಕರೆಯುವ ಕೀಲುಗಳಿವೆ. ಹಿಂದಿನ ಅಚ್ಚಿನ ನಡುವಣ ಉಬ್ಬಿದ ಪೆಟ್ಟಿಗೆಯೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವೂ, ಕ್ರೌನು ಎಂಬ ದೊಡ್ಡ ಹಲ್ಲುಚಕ್ರವೂ, ತಿರುವುಗಳಲ್ಲಿ ಒಳಗಾಲಿಗೂ ಹೊರಗಾಲಿಗೂ ಬೇರೆ ಬೇರೆ ವೇಗವನ್ನು ಕೊಡುವ ಡಿಫರೆನ್ಷಿಯಲ್ಲೂ ಇರುವುವು. ಕಡೆಯಲ್ಲಿ ಅಚ್ಚಿನ ಸರಳುಗಳೂ ಗಾಲಿಯ ಗುಂಬದಲ್ಲಿರುವ ಬೇರಿಂಗುಗಳೂ ಇವೆ.

ಈ ಭಾಗಗಳೆಲ್ಲವೂ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದೇ ನಮ್ಮ ಪರೀಕ್ಷೆಗೆ ಆಧಾರ. ವಿಲ್ಲಿಸ್ ಯುದ್ಧಕಾಲದ ಜೀಪಿನಲ್ಲಿ ಗಾಲಿಯು ಒಂದು ಸುತ್ತು ಬರಬೇಕಾದರೆ ಪ್ರೊಪೆಲ್ಲರ್ ಷಾಫ್ಟು 4.88 ಸುತ್ತು ತಿರುಗಬೇಕು. ಗಾಲಿಯು ಒಂದು ಸುತ್ತಿಗೆ ಸುಮಾರು 2.1 ಮೀಟರು ಉರುಳುವುದೆಂದು ಇಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಲಿಯು ಒಂದು ಸೆಕೆಂಡಿಗೆ ಸುಮಾರು 5 ಸಲವೂ, ಷಾಫ್ಟು ಸುಮಾರು 26 ಸಲವೂ ತಿರುಗುವುವು. ಆದಕಾರಣ ಬಡಿತವನ್ನು ಬಿಡಿಬಿಡಿಯಾಗಿ ಕಿವಿಯಲ್ಲಿ ಹಿಡಿಯುವಂತಿದ್ದರೆ ಅದು ಗಾಲಿಗೆ ಸಂಬಂಧಿಸಿದುದು. ಬಡಿತಗಳು ಕೂಡಿಕೊಂಡು ಒಂದೇ ಗುಂಯ್ ಎಂಬ ನಾದವಾಗಿಯೋ ನಡುಕವಾಗಿಯೋ ತೋರಿದರೆ ಅದು ಷಾಫ್ಟಿನ ವೇಗದಲ್ಲಿ ತಿರುಗುವ ಭಾಗದ್ದು.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಗಾಲಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಸಮತಟ್ಟಾದ ಕಣದಲ್ಲಿ ಗಾಡಿಯನ್ನು ಮನುಷ್ಯನ ನಡಿಗೆಯ ವೇಗದಲ್ಲಿ ನಡೆಯಿಸಿ, ಮತ್ತೊಬ್ಬನು ದೂರದಲ್ಲಿ ಜೊತೆಗೆ ನಡೆಯುತ್ತ ಗಮನಿಸತಕ್ಕದ್ದು. ಗೆರೆಯು ಒಂದು ಸಲ ಸುತ್ತಿಬಂದಾಗ ಒಂದೇ ಸದ್ದು ಕೇಳಿದರೆ ದೋಷವು ಗಾಲಿಯಲ್ಲಿ, ಅಚ್ಚಿನ ಸರಳಿನಲ್ಲಿ ಅಥವಾ ಕ್ರೌನಿನಲ್ಲಿದೆ. ನಾಲ್ಕೈದು ಸಲ ಕೇಳಿದರೆ ಷಾಫ್ಟಿನಲ್ಲಿ ಅಥವಾ ಪಿನಿಯನ್ನಿನಲ್ಲಿದೆ.

2. ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು

ಯಜಮಾನನು ಬೇರೊಬ್ಬ ನಂಬಿಗಸ್ತನಿಂದ ಗಾಡಿಯನ್ನು ನಡೆಯಿಸಿ, ತಾನು ಒಮ್ಮೆ ಮುಂದೆಯೂ ಒಮ್ಮೆ ಹಿಂದೆಯೂ ಕುಳಿತು ಕೇಳಬೇಕು. ಅದಕ್ಕೆ ಮುಂಚೆ ಹಾರೆ, ಜಾಕಿ, ಡಬ್ಬ ಮುಂತಾದ ಸಾಮಾನುಗಳನ್ನೆಲ್ಲ ಇಳಿಸಿಬಿಡತಕ್ಕದ್ದು. ಅಲುಗಾಡುವ ಸಾಮಾನಿನ ಸದ್ದನ್ನು ಯಂತ್ರದ ಸದ್ದೆಂದು ಭ್ರಮಿಸುವುದು ಅಪರೂಪವಲ್ಲ. ಕೆಳಗಣ ಐದು ಪ್ರಶ್ನೆಗಳಿಗೆ ಬಂದ ಉತ್ತರವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು.

(ಅ) ಗಾಡಿಯು ನಿಂತು ಎಂಜಿನ್ನು ಮಾತ್ರ ನಡೆಯುತ್ತಿರುವಾಗಲೂ ಶಬ್ದವು ಬರುವುದೇ?

(ಆ) ಶಬ್ದವು ಎಂಜಿನ್ನಿನ ವೇಗವನ್ನು ಅನುಸರಿಸುವುದೇ, ಗಾಡಿಯ ವೇಗವನ್ನೇ? ಇದನ್ನು ತಿಳಿಯಲು ಗಾಡಿಯನ್ನು ಒಂದೇ ವೇಗದಲ್ಲಿ, ಮೊದಲು ಟಾಪು ಗೇರಿನಲ್ಲಿಯೂ ತರುವಾಯ ಅದಕ್ಕೆ ಕೆಳಗಿನ ಗೇರಿನಲ್ಲಿಯೂ ನಡೆಯಿಸಬೇಕು. ಸ್ವರವು ಬದಲಾಗದಿದ್ದರೆ ಮೂಲವು ಗೇರು ಪೆಟ್ಟಿಗೆಯಿಂದ ಹಿಂದಿದೆ.

(ಇ) ಆಕ್ಸಿಲರೇಟರನ್ನು ಒತ್ತಿದಾಗ ಹೆಚ್ಚೋ, ಕಾಲು ತೆಗೆದಾಗ ಹೆಚ್ಚೋ, ಎರಡರಲ್ಲಿಯೂ ಸಮವೋ?

(ಈ) ತಿರುವಿನಲ್ಲಿ ಹೆಚ್ಚುವುದೇ? ಹೆಚ್ಚುವುದಾದರೆ ಎಡತಿರುವಿನಲ್ಲೋ, ಬಲತಿರುವಿನಲ್ಲೋ?

(ಉ) ಡಾಂಬರು ರಸ್ತೆಯಿಂದ ಮಣ್ಣಿನ ರಸ್ತೆಗೆ ಇಳಿದೊಡನೆ ಶಬ್ದವು ಮಾರ್ಪಡುವುದೇ?

ಕೊನೆಯ ಪ್ರಶ್ನೆಯನ್ನು ಅಲ್ಪವೆಂದು ಬಿಡಬಾರದು. ಕೆಸರಿಗೆಂದು ಹಾಕಿಸಿದ ದಪ್ಪ ಹಲ್ಲಿನ ಟೈರುಗಳು ಡಾಂಬರಿನ ಮೇಲೆ ಗೊಂಯ್‌ಗುಡುವುದು ಸಹಜ. ಈ ನಾದವು ಕೆಟ್ಟ ಬೇರಿಂಗಿನ ನಾದವನ್ನು ಬಹಳವಾಗಿ ಹೋಲುವುದು. ಮಣ್ಣಿಗೆ ಇಳಿದೊಡನೆ ಅದು ಅಡಗಿದರೆ ಟೈರಿನದೆಂದು ತಿಳಿಯಬಹುದು. ಡಿಫರೆನ್ಷಿಯಲ್ಲಿನ ಮತ್ತು ಬೇರಿಂಗಿನ ಶಬ್ದಗಳಿಗೆ ರಸ್ತೆಯ ಮೇಲ್ಮೈಯ ಹಂಗಿಲ್ಲ. ಈ ಒಂದು ಪರೀಕ್ಷೆಯನ್ನು ಮಾಡದೆ ಬೇರಿಂಗುಗಳನ್ನೆಲ್ಲ ಬದಲಾಯಿಸಿದವನಿಗೆ ಹೊಸ ಬೇರಿಂಗುಗಳೊಡನೆ ಹಳೆಯ ಶಬ್ದವೇ ಉಳಿಯುವುದು.

3. ನಿಂತ ಗಾಡಿಯಲ್ಲಿ ಮಾಡುವ ಪರೀಕ್ಷೆ

ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲುಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ನನ್ನು ಮೆಲ್ಲನೆ ನಡೆಯಿಸಬೇಕು. ಕ್ಲಚ್ಚಿನ ಪೆಡಲಿನಿಂದ ಕಾಲು ತೆಗೆದಿರುವಾಗ ಗೇರು ಪೆಟ್ಟಿಗೆಯ ಮುಂದಿನ ದಂಡವೂ ಅದರೊಡನೆ ಅಡಿಯ ದಂಡವೂ ತಿರುಗುತ್ತಿರುವುವು; ಪೆಡಲನ್ನು ಪೂರ್ತಿಯಾಗಿ ಒತ್ತಿದರೆ ಅವು ನಿಲ್ಲುವುವು. ಆದುದರಿಂದ ಕಾಲು ತೆಗೆದಿರುವಾಗ ಕೇಳುತ್ತಿದ್ದ ಗೊರಗೊರವು ಒತ್ತಿದೊಡನೆ ನಿಂತರೆ ದೋಷವು ಗೇರು ಪೆಟ್ಟಿಗೆಯ ಬೇರಿಂಗುಗಳಲ್ಲಿದೆ. ಇದಕ್ಕೆ ವಿರುದ್ಧವಾಗಿ, ಕಾಲಿಟ್ಟು ಸ್ವಲ್ಪವೇ ಒತ್ತಿದೊಡನೆ ಕಿರ್ ಎಂಬ ಶಬ್ದವು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗು ಸವೆದಿದೆ. ಪೆಡಲಿನ ಮೇಲೆ ಸದಾ ಕಾಲನ್ನು ಊರಿಕೊಂಡು ನಡೆಯಿಸುವ ಡ್ರೈವರನ ಕೈಯಲ್ಲಿ ಈ ಬೇರಿಂಗು ಬೇಗನೆ ಹಾಳಾಗುವುದು. ಹೊಸದನ್ನು ಹಾಕಿಸುವುದರೊಡನೆ ಈ ಅಭ್ಯಾಸವನ್ನೂ ಬಿಡಿಸಬೇಕು.

4. ಓಡುವ ಗಾಡಿಯಲ್ಲಿ ತಿಳಿದುಬರುವ ಲಕ್ಷಣಗಳು

ಗೇರು ಪೆಟ್ಟಿಗೆ: ಯಾವುದಾದರೊಂದು ಗೇರಿನಲ್ಲಿ ಮಾತ್ರ ಶಬ್ದವಿದ್ದರೆ ಆ ಗೇರಿನ ಹಲ್ಲುಗಳು ಸವೆದಿರುವುವು. ಕೆಳಗಿನ ಗೇರುಗಳೆಲ್ಲವೂ ಕೂಗುತ್ತ ಟಾಪು ಗೇರು ಮಾತ್ರ ನಿಶ್ಶಬ್ದವಾಗಿದ್ದರೆ ಅಡಿಯ ದಂಡವನ್ನೂ ಅದರ ಬೇರಿಂಗುಗಳನ್ನೂ ಶಂಕಿಸತಕ್ಕದ್ದು. ಏಕೆಂದರೆ ಟಾಪು ಗೇರಿನಲ್ಲಿ ಬಲವು ಆ ದಂಡದ ಮೇಲೆ ಬೀಳದೆ ನೇರವಾಗಿ ಸಾಗುವುದು.

ಪ್ರೊಪೆಲ್ಲರ್ ಷಾಫ್ಟು: ಗಾಡಿಯು ಹೊರಡುವಾಗಲೂ, ಮುಂದಿನಿಂದ ಹಿಂದಕ್ಕೆ ಗೇರು ಬದಲಾಯಿಸಿದಾಗಲೂ ‘ಟಣ್’ ಎಂದು ಒಂದೇ ಪೆಟ್ಟು ಕೇಳಿದರೆ ಕ್ರಾಸಿನಲ್ಲಿ ಸಡಿಲವಿದೆಯೆಂದು ಮೊದಲು ಶಂಕಿಸಬೇಕು. ನಿಧಾನವಾಗಿ ಹೋಗುವಾಗ ಚಿಕ್ ಚಿಕ್ ಎಂದು ಜೀರುಂಡೆಯಂತೆ ಕೂಗಿದರೆ ಕ್ರಾಸಿನೊಳಗಿನ ಸೂಜಿಬೇರಿಂಗುಗಳಲ್ಲಿ ಗ್ರೀಸು ಒಣಗಿದೆ. ಕ್ರಾಸಿನ ಬಟ್ಟಲುಗಳ ಅಂಚಿನಲ್ಲಿ ಕೆಂಪನೆಯ ತುಕ್ಕಿನ ಪುಡಿಯು ಕಂಡುಬಂದರೆ ಗ್ರೀಸು ಹಾಕುವ ಕಾಲವು ಮೀರಿಹೋಯಿತು, ಕ್ರಾಸನ್ನು ಬದಲಾಯಿಸಲೇಬೇಕು. ಒಂದು ಗೊತ್ತಾದ ವೇಗದಲ್ಲಿ ಮಾತ್ರ ಗಾಡಿಯೆಲ್ಲವೂ ನಡುಗಿದರೆ ಷಾಫ್ಟಿಗೆ ಕೆಸರು ಮೆತ್ತಿರುವುದೇ, ಅದು ಬಾಗಿರುವುದೇ ಎಂದು ನೋಡಬೇಕು. ಇತ್ತೀಚೆಗೆ ಷಾಫ್ಟನ್ನು ಬಿಚ್ಚಿ ಜೋಡಿಸಿದ್ದರೆ ಅದರ ಎರಡು ತುದಿಗಳ ಕವೆಗಳು ಒಂದೇ ನೇರದಲ್ಲಿರುವುವೇ ಎಂದು ಪರೀಕ್ಷಿಸಬೇಕು. ನಡುವಣ ಜಾರುಕೀಲನ್ನು ಒಂದೆರಡು ಹಲ್ಲು ಹೆಚ್ಚುಕಡಿಮೆಯಾಗಿ ಕೂಡಿಸಿದರೂ ಹೊಸ ಕ್ರಾಸುಗಳೇ ನಡುಗುವುವು.

ಕ್ರೌನು ಪಿನಿಯನ್: ಆಕ್ಸಿಲರೇಟರನ್ನು ಒತ್ತಿದಾಗ ಊಳಿಡುವಂತೆ ಕೂಗಿ, ಕಾಲು ತೆಗೆದೊಡನೆ ಅಡಗುವ ಅಥವಾ ಸ್ವರವನ್ನು ಬದಲಾಯಿಸುವ ಶಬ್ದವು ಹಲ್ಲುಗಳದು. ಒತ್ತಿದರೂ ಬಿಟ್ಟರೂ ಭೇದವಿಲ್ಲದೆ ಗೊರಗುಟ್ಟುವುದು ಬೇರಿಂಗಿನದು. ನೇರವಾಗಿ ಹೋಗುವಾಗ ಏನೂ ಇಲ್ಲದೆ ತಿರುವಿನಲ್ಲಿ ಮಾತ್ರ ಹಿಂದಿನ ಅಚ್ಚಿನ ನಡುವಿನಿಂದ ಕಟಕಟ ಎಂದರೆ ಡಿಫರೆನ್ಷಿಯಲ್ಲಿನ ಒಳಗಣ ಚಿಕ್ಕ ಹಲ್ಲುಚಕ್ರಗಳನ್ನು ನೋಡಿಸಬೇಕು.

ಗಾಲಿಯ ಬೇರಿಂಗು: ಗಾಡಿಯು ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆಯೂ, ಬಲಕ್ಕೆ ತಿರುಗುವಾಗ ಎಡಗಡೆಯ ಗಾಲಿಗಳ ಮೇಲೆಯೂ ಹೆಚ್ಚುವುದು. ಆದುದರಿಂದ ಎಡತಿರುವಿನಲ್ಲಿ ಗೊರಗೊರವು ಹೆಚ್ಚಿದರೆ ಬಲಗಾಲಿಯ ಬೇರಿಂಗನ್ನು ಮೊದಲು ಪರೀಕ್ಷಿಸತಕ್ಕದ್ದು. ಹತ್ತಾರು ಕಿಲೋಮೀಟರು ನಡೆಯಿಸಿ ನಿಲ್ಲಿಸಿದ ಮೇಲೆ ನಾಲ್ಕು ಗುಂಬಗಳ ಹತ್ತಿರವೂ ಅಂಗೈಯನ್ನು ಎಚ್ಚರಿಕೆಯಿಂದ ಹಿಡಿದು ನೋಡಬೇಕು. ಒಂದೇ ಗುಂಬವು ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬೇರಿಂಗು ಕೆಟ್ಟಿರಬಹುದು, ಇಲ್ಲವೇ ಬ್ರೇಕು ಹಿಡಿದುಕೊಂಡಿರಬಹುದು.

ನಾಲ್ಕು ಗಾಲಿಯ ಬಲ: ಜೀಪಿನ ಮುಂದಿನ ಗಾಲಿಗಳಿಗೂ ಬಲ ಕೊಟ್ಟು ಗಟ್ಟಿಯಾದ ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಗಾಡಿಯು ನರಳಿ, ಗಾಲಿಗಳು ಉಜ್ಜಿ, ಸ್ಟಿಯರಿಂಗು ಬಿಗಿಯಾಗುವುದು. ತಿರುವಿನಲ್ಲಿ ಮುಂದಿನ ಅಚ್ಚು ಹಿಂದಿನ ಅಚ್ಚಿಗಿಂತ ಹೆಚ್ಚು ದೂರ ಹೋಗಬೇಕಾದರೂ ಈ ಜೀಪುಗಳಲ್ಲಿ ಎರಡು ಅಚ್ಚುಗಳ ನಡುವೆ ವೇಗವನ್ನು ಹಂಚುವ ಏರ್ಪಾಡಿಲ್ಲದಿರುವುದೇ ಇದಕ್ಕೆ ಕಾರಣ. ಇದು ರೋಗವಲ್ಲ, ತಪ್ಪಾದ ಬಳಕೆ. ಕೆಸರು, ಮರಳು, ಜಾರುವ ಏರುಗಳಲ್ಲಿ ಮಾತ್ರ ನಾಲ್ಕು ಗಾಲಿಯ ಬಲವನ್ನು ಹಾಕಬೇಕು.

5. ಗಾಡಿಯ ಕೆಳಗೆ ನೋಡುವಾಗ ವಹಿಸಬೇಕಾದ ಎಚ್ಚರಿಕೆ

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಕೈಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಷಾಫ್ಟನ್ನು ಹಿಡಿಯುವುದು. ಈ ಸಂಗತಿಯನ್ನು ಅರಿಯದೆ ಹಿಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿದರೆ, ಷಾಫ್ಟು ನಿಶ್ಚಲವಾಗಿದ್ದರೂ ಎತ್ತಿದ ಗಾಲಿಯು ಒಂದು ಕಡೆಗೂ ನೆಲದ ಮೇಲಿನ ಗಾಲಿಯು ಮತ್ತೊಂದು ಕಡೆಗೂ ತಿರುಗಲು ಡಿಫರೆನ್ಷಿಯಲ್ಲು ಅವಕಾಶ ಕೊಡುವುದು. ಗಾಡಿಯು ಉರುಳಿ ಜಾಕಿಯಿಂದ ಬೀಳುವುದು. ಗೇರಿನಲ್ಲಿ ನಿಲ್ಲಿಸಿದ್ದರೂ ಇದೇ ಅಪಾಯವುಂಟು. ಆದುದರಿಂದ ನೆಲದ ಮೇಲಿರುವ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲನ್ನೋ ಮರದ ತುಂಡನ್ನೋ ಭದ್ರವಾಗಿ ಕೊಡದೆ ಯಾವ ಗಾಲಿಯನ್ನೂ ಎತ್ತಕೂಡದು. ಜಾಕಿಯನ್ನೊಂದನ್ನೇ ನಂಬಿ ಯಾರೂ ಕೆಳಗೆ ನುಸುಳಕೂಡದು; ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಡಬೇಕು. ಗಾಲಿಯನ್ನು ಎತ್ತಿಟ್ಟು ಎಂಜಿನ್ನಿನ ಬಲದಿಂದ ತಿರುಗಿಸಿ ಕೇಳುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು.

ಎಂಜಿನ್ನನ್ನು ನಿಲ್ಲಿಸಿ, ಕ್ರಾಸಿನ ಇಕ್ಕಡೆಯ ಕವೆಗಳನ್ನೂ ಎರಡು ಕೈಗಳಿಂದ ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಚಬೇಕು. ಕಣ್ಣಿಗೆ ಕಾಣುವಷ್ಟು ಸಡಿಲವಿದ್ದರೆ ಕ್ರಾಸು ಕೆಟ್ಟಿತೆಂದೇ ತಿಳಿಯಬೇಕು. ಎತ್ತಿದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಬೇರಿಂಗಿನ ಸಡಿಲವು ತಿಳಿಯುವುದು. ಕೈಯಿಂದ ತಿರುಗಿಸುತ್ತ ಮತ್ತೊಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟರೆ ಕೆಟ್ಟ ಬೇರಿಂಗಿನ ಒರಟುತನವು ಬೆರಳಿಗೆ ತಾಕುವುದು.

ಇವೆಲ್ಲಕ್ಕೂ ಮೊದಲು ಖರ್ಚಿಲ್ಲದ ಕಾರಣಗಳನ್ನು ನೋಡಿಬಿಡಬೇಕು. ಗಾಲಿಯ ನಟ್ಟುಗಳು, ಸ್ಪ್ರಿಂಗುಪಟ್ಟೆಗಳನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳು, ಷಾಫ್ಟಿನ ಬೋಲ್ಟುಗಳು, ಎಂಜಿನ್ನು ಮತ್ತು ಗೇರು ಪೆಟ್ಟಿಗೆಗಳನ್ನು ಹೊತ್ತಿರುವ ರಬ್ಬರುಗಳು ಇವುಗಳಲ್ಲಿ ಯಾವುದು ಸಡಿಲವಾದರೂ ಕ್ರಾಸು ಕೆಟ್ಟಂತೆಯೇ ಪೆಟ್ಟು ಕೇಳುವುದು. ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಗಡೆಯ ಗಾಲಿಗಳ ನಟ್ಟುಗಳಿಗೆ ಎಡಮರೆ ಇರುವುದುಂಟು. ಅವು ಎಡಕ್ಕೆ ತಿರುಗಿಸಿದರೆ ಬಿಗಿಯುವುವು. ಬಿಗಿಯುವೆನೆಂದು ಬಲಕ್ಕೆ ತಿರುಗಿಸುವವನು ಗಾಲಿಯನ್ನು ಸಡಿಲಮಾಡಿದಂತಾಗುವುದು.

6. ಎಣ್ಣೆಯು ಹೇಳುವ ಸಾಕ್ಷ್ಯ

ಗೇರು ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸು, ಡಿಫರೆನ್ಷಿಯಲ್ ಇವುಗಳಿಗೆ ಎಣ್ಣೆ ತುಂಬುವ ತೂತು ಪಕ್ಕದಲ್ಲಿರುವುದು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ ಅದರ ಬಿರಡೆಯನ್ನು ಬಿಚ್ಚಿದರೆ ಎಣ್ಣೆಯು ತೂತಿನ ಅಂಚಿಗೆ ಸರಿಯಾಗಿ ನಿಂತಿರಬೇಕು. ಕಡಿಮೆಯಿದ್ದರೆ ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಗೇರು ಎಣ್ಣೆಯನ್ನೇ ತುಂಬಿ, ಅದು ಎಲ್ಲಿ ಸೋರಿತೆಂಬುದನ್ನು ಹುಡುಕಬೇಕು.

ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ಬಿರಡೆಯ ಮೇಲೆ ನುಣ್ಣನೆಯ ಬೂದುಬಣ್ಣದ ಮಡ್ಡಿಯು ಸ್ವಲ್ಪ ಇದ್ದರೆ ಹಳೆಯ ಗಾಡಿಗೆ ಅದು ಸಹಜವಾದ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳು ಸಿಕ್ಕಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಗಾಡಿಯನ್ನು ಮುಂದೆ ನಡೆಯಿಸಕೂಡದು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹಳ್ಳವನ್ನು ದಾಟುವಾಗ, ಓಡಿ ಕಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿಯು ಕುಗ್ಗಿ ಸೀಲುಗಳ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುವುದು. ಅಂಥ ಎಣ್ಣೆಯನ್ನು ಒಡನೆಯೇ ಇಳಿಸಿ ಹೊಸದನ್ನು ತುಂಬತಕ್ಕದ್ದು. ಶಬ್ದವು ಹುಟ್ಟುವವರೆಗೆ ಕಾದರೆ ಬೇರಿಂಗುಗಳಿಗೆ ತುಕ್ಕು ಹಿಡಿದಿರುವುದು.

ಹಳೆಯ ಗಾಡಿಯನ್ನು ಕೊಳ್ಳುವವರೂ ಈ ಪರೀಕ್ಷೆಯನ್ನು ಬಿಡಬಾರದು. ಕೂಗುವ ಹಲ್ಲುಗಳ ಬಾಯಿ ಮುಚ್ಚಿಸಲು ಎಣ್ಣೆಯಲ್ಲಿ ಗರಗಸದ ಹೊಟ್ಟನ್ನು ಬೆರೆಸಿ ಮಾರುವ ಮೋಸವು ಮೋಟಾರು ವ್ಯಾಪಾರದಲ್ಲಿ ಬಹು ಹಳೆಯದು.

7. ಯಾವ ಶಬ್ದಕ್ಕೆ ಗಾಡಿಯನ್ನು ನಿಲ್ಲಿಸಬೇಕು

ಬಹುಕಾಲದಿಂದ ಒಂದೇ ಸಮನಾಗಿ ಕೇಳುತ್ತಿರುವ ಕ್ರೌನು ಪಿನಿಯನ್ನಿನ ಸಣ್ಣ ಕೂಗು, ಎಣ್ಣೆಯು ಪೂರ್ತಿಯಾಗಿದ್ದು ಶುದ್ಧವಾಗಿದ್ದರೆ, ಸುಗ್ಗಿಯ ಕೆಲಸ ಮುಗಿಯುವವರೆಗೆ ಕಾಯಬಲ್ಲದು. ಕ್ಲಚ್ಚಿನ ಬೇರಿಂಗಿನ ಸಣ್ಣ ಕಿರುಗುಟ್ಟುವಿಕೆಯೂ ಕೆಲವು ದಿನ ತಡೆಯುವುದು. ಆದರೆ ಕೆಳಗಿನ ನಾಲ್ಕರಲ್ಲಿ ಯಾವುದು ಕಂಡರೂ ಗಾಡಿಯನ್ನು ನಿಲ್ಲಿಸಿ ಮೇಸ್ತ್ರಿಯನ್ನೇ ಅಲ್ಲಿಗೆ ಕರೆಯಿಸತಕ್ಕದ್ದು: (1) ಸಡಿಲವಾದ ಗಾಲಿ ನಟ್ಟು ಅಥವಾ ಮುರಿದ ಸ್ಟಡ್ಡು, (2) ಕಣ್ಣಿಗೆ ಕಾಣುವಂತೆ ಸಡಿಲವಾದ ಕ್ರಾಸು, (3) ಗೊರಗುಟ್ಟುತ್ತ ಬಿಸಿಯಾಗುವ ಗುಂಬ, (4) ಎಣ್ಣೆಯಲ್ಲಿ ಉಕ್ಕಿನ ಚೂರುಗಳೊಡನೆ ಅರೆಯುವ ಶಬ್ದ.

ಕ್ರಾಸಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಷಾಫ್ಟಿನ ಮುಂದಿನ ತುದಿಯು ಕಳಚಿಬಿದ್ದು ನೆಲಕ್ಕೆ ನಾಟಿದರೆ ಗಾಡಿಯೇ ಮಗುಚಬಹುದು. ಅಷ್ಟು ಆಗದಿದ್ದರೂ ಷಾಫ್ಟು ಕಳಚಿದೊಡನೆ ಹಿಂದಿನ ಗಾಲಿಗಳಿಗೆ ಎಂಜಿನ್ನಿನ ತಡೆಯು ತಪ್ಪುವುದು. ಮೇಲೆ ಹೇಳಿದಂತೆ ಕೈಬ್ರೇಕು ಷಾಫ್ಟನ್ನೇ ಹಿಡಿಯುವ ಜೀಪಾದರೆ ಅದೂ ಅದೇ ಗಳಿಗೆಯಲ್ಲಿ ನಿಷ್ಪ್ರಯೋಜಕವಾಗುವುದು. ಆಗುಂಬೆಯಂಥ, ಚಾರ್ಮಾಡಿಯಂಥ ಘಾಟಿಯಲ್ಲಿ ಭಾರ ಹೊತ್ತು ಇಳಿಯುವ ಜೀಪಿಗೆ ಆಗ ಕಾಲುಬ್ರೇಕೊಂದೇ ಗತಿ. ಹೊರಡುವಾಗ ಕೇಳುವ ‘ಟಣ್’ ಎಂಬ ಪೆಟ್ಟನ್ನು ವರ್ಷಗಟ್ಟಲೆ ಸಹಿಸಿಕೊಂಡು ಬರುವವರು ಇದನ್ನು ನೆನೆಯಬೇಕು. ಒಂದು ಕ್ರಾಸಿನ ಬೆಲೆಯು ಈ ಅಪಾಯದ ಮುಂದೆ ಲೆಕ್ಕಕ್ಕೆ ಬಾರದು.

8. ಮೇಸ್ತ್ರಿಗೆ ತಿಳಿಸುವ ಬಗೆ

ಪರೀಕ್ಷೆಗಳು ಮುಗಿದ ಮೇಲೆ ಬರೆದುಕೊಂಡ ಕಾಗದವನ್ನು ಮೇಸ್ತ್ರಿಯ ಕೈಗೆ ಕೊಡಬೇಕು. “ನಿಂತಾಗ ಶಬ್ದವಿಲ್ಲ, ಗಂಟೆಗೆ 30 ಕಿಲೋಮೀಟರಿನಿಂದ ಮೇಲೆ ಗೊರಗೊರ, ಗೇರು ಬದಲಾಯಿಸಿದರೂ ಸ್ವರ ಬದಲಾಗದು, ಎಡತಿರುವಿನಲ್ಲಿ ಹೆಚ್ಚು, ಮಣ್ಣಿನ ರಸ್ತೆಯಲ್ಲಿಯೂ ನಿಲ್ಲದು, ಹಿಂದಿನ ಬಲಗುಂಬ ಬಿಸಿ” ಎಂಬಷ್ಟು ಬರಹವಿದ್ದರೆ, ಪ್ರಾಮಾಣಿಕನಾದ ಮೇಸ್ತ್ರಿಗೆ ಅರ್ಧ ದಿನದ ಹುಡುಕಾಟವು ಉಳಿಯುವುದು, ಗೇರು ಪೆಟ್ಟಿಗೆಯನ್ನು ಬಿಚ್ಚಬೇಕೆಂದು ಹೇಳುವವನನ್ನು ಏಕೆಂದು ಕೇಳಲು ಯಜಮಾನನಿಗೂ ಆಧಾರವಿರುವುದು. ತೆಗೆದುಹಾಕಿದ ಹಳೆಯ ಭಾಗವನ್ನು ತಪ್ಪದೆ ಕೇಳಿ ಪಡೆದು, ಅದರ ಸವೆತವನ್ನು ಕಣ್ಣಾರೆ ನೋಡಬೇಕು. ಹೀಗೆ ಎರಡು ಮೂರು ಸಲ ಮಾಡಿದವನಿಗೆ ಯಾವ ಶಬ್ದಕ್ಕೆ ಯಾವ ಸವೆತವೆಂಬುದು ಬಂಡಿಯ ಕಿರುಗುಟ್ಟುವಿಕೆಯಷ್ಟೇ ಪರಿಚಿತವಾಗುವುದು.

ಮುಂಗಾರಿಗೆ ಮೊದಲು ಒಂದು ಸಲ, ಸುಗ್ಗಿಯ ಸಾಗಾಣಿಕೆಗೆ ಮೊದಲು ಒಂದು ಸಲ, ಗಾಲಿಯ ನಟ್ಟು, ಯು ಬೋಲ್ಟು, ಕ್ರಾಸು, ಎಣ್ಣೆ, ಬೇರಿಂಗು ಎಂಬ ಈ ಐದನ್ನೂ ಕ್ರಮವಾಗಿ ನೋಡಿಸಿ, ಕ್ರಾಸುಗಳಿಗೆ ಗ್ರೀಸು ಹಾಕಿಸತಕ್ಕದ್ದು. ಊರಿನಲ್ಲಿ ಹಲವರ ಬಳಿ ಹಳೆಯ ಜೀಪುಗಳಿರುವ ಕಡೆಗಳಲ್ಲಿ ಗ್ರಾಮದ ಮುಖಂಡರು ಇವನ್ನೆಲ್ಲ ಒಂದೇ ದಿನ ಒಂದು ಕಣದಲ್ಲಿ ಸೇರಿಸಿ, ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕರೆಯಿಸಿ ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುವುದು. ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಗಳಲ್ಲಿ ಯಾವುದಕ್ಕೆ ಮೊದಲು ಕೈಹಚ್ಚಬೇಕೆಂಬುದೂ ಊರಿಗೆಲ್ಲ ತಿಳಿದಂತಾಗುವುದು.